ಒಂದೇ ದಿನ, ಮೂರು ಹಬ್ಬ

ಸೆಪ್ಟೆಂಬರ್ 8 ಬಂತೆಂದರೆ ಮೈಸೂರಿನ ರಾಜೀವನಗರದ ನಮ್ಮ ಅಡುಗೆಮನೆಯಲ್ಲಿ ಮೀನಿನ ಮಣ್ಣಿನ ಪಾತ್ರೆ ಮೂಲೆ ಸೇರುತ್ತದೆ. ಅವತ್ತು ಮಾತೆ ಮರಿಯಮ್ಮನವರು ಹುಟ್ಟಿದ ದಿನ. ಕರಾವಳಿಯ ಕೊಂಕಣಿ ಕ್ರೈಸ್ತರಾದ ನಮಗೆ ಮೊಂತಿ ಫೆಸ್ತ್, ಕನ್ನಡದಲ್ಲಿ ಹೇಳುವುದಾದರೆ ತೆನೆಹಬ್ಬ. ಊಟ ಬಾಳೆ ಎಲೆಯಲ್ಲಿ, ಪೂರಾ ಸಸ್ಯಾಹಾರ. ಕೆಸುವಿನ ದಂಟು, ಹೀರೆ, ಬೆಂಡೆ, ಹಾಗಲ ಎಲ್ಲ ಸೇರಿ ಪದಾರ್ಥಗಳ ಲೆಕ್ಕ ಬೆಸಸಂಖ್ಯೆಗೇ ನಿಲ್ಲಬೇಕು. ಇಗರ್ಜಿಯಲ್ಲಿ ಆಶೀರ್ವಾದವಾದ ತೆನೆಯ ಕಾಳು ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ.

ಮೈಸೂರಿನಲ್ಲಿ ತೊಡಕು ಇರುವುದು ಈ ತೆನೆಯದ್ದೇ. ಕಾವೇರಿ ನಾಲೆಯ ಗದ್ದೆಗಳಲ್ಲಿ ಆಗಿನ್ನೂ ನಾಟಿ ಮುಗಿದು ಪೈರು ಹಸಿರಾಡುತ್ತಿರುತ್ತದೆ. ಕಾಸರಗೋಡಿನ ಬೇಳದ ಕಡೆಯಿಂದ ಬರುವವರು ಯಾರಾದರೂ ತೆನೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಸಂಪಾಜೆ ಘಾಟಿ ಹತ್ತಿದರೆ ಹಬ್ಬ, ಇಲ್ಲದಿದ್ದರೆ ಬರೀ ಊಟ.

ಅದೇ ದಿನ ಮೈಸೂರಿನ ತಮಿಳು ಕ್ರೈಸ್ತರಿಗೆ ವೇಳಾಂಕಣ್ಣಿ ಆರೋಗ್ಯಮಾತೆಯ ಹಬ್ಬ. ಆಗಸ್ಟ್ 29ಕ್ಕೆ ಧ್ವಜ ಏರಿದಾಗಿನಿಂದ ಕಾವಿ ಬಟ್ಟೆ, ಹರಕೆ, ಮುಡಿ ಕೊಡುವುದು, ಕಾಲ್ನಡಿಗೆ. ಮಲಯಾಳಿಗಳದ್ದು ಮತ್ತೊಂದು ಬಗೆ: ತಿಂಗಳ ಒಂದರಿಂದ ಎಂಟರವರೆಗೆ ಎಟ್ಟು ನೋಂಬು, ಮೀನು-ಮಾಂಸ ಮುಟ್ಟುವಂತಿಲ್ಲ. ನಮಗೆ ಹೊಸ ಅಕ್ಕಿ ಕೊಡುವ ತಾಯಿ, ಅವರಿಗೆ ಕಾಯಿಲೆ ವಾಸಿ ಮಾಡುವ ತಾಯಿ, ಇನ್ನೊಬ್ಬರಿಗೆ ಉಪವಾಸ ಹಿಡಿಸುವ ತಾಯಿ. ಪಕ್ಕದ ಮನೆಯ ಆಪಾ ಒಮ್ಮೆ ಕಾಂಪೌಂಡಿನಾಚೆಯಿಂದಲೇ ಕೇಳಿದರು: "ಮರಿಯಮ್ ಬೀಬೀದು ಹಬ್ಬ ಅಲ್ವಾ ಇವತ್ತು? ನಮ್ ಕುರಾನ್‌ನಲ್ಲೂ ಅವರ ಹೆಸರಿಂದೇ ಒಂದು ಅಧ್ಯಾಯ ಐತೆ." ಹತ್ತೊಂಬತ್ತನೆಯದು ಎಂದು ಅವರ ಮೊಮ್ಮಗ ಒಳಗಿನಿಂದ ಕೂಗಿದ.

ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಆಗ ಪೂಜೆ ಲ್ಯಾಟಿನ್‌ನಲ್ಲಿ. ಅದು ಯಾರ ಮನೆಯ ಭಾಷೆಯೂ ಅಲ್ಲವಾದ್ದರಿಂದ ಪೂಜೆಯ ಭಾಷೆ ಯಾವುದೆಂಬ ಜಗಳಕ್ಕೆ ಜಾಗವಿರಲಿಲ್ಲ. 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಮಾತಿನಲ್ಲೇ ಪೂಜೆ ನಡೆಯಲಿ ಎಂದಿತು. ಒಳ್ಳೆಯದೇ ಆಯಿತು. ಆದರೆ ಯಾವ ಜನರ ಮಾತು? ಬೆಂಗಳೂರಿನಲ್ಲಿ ಕನ್ನಡ–ತಮಿಳು ಪೂಜೆಯ ತಕರಾರು ಬೀದಿಗೇ ಬಂತು. ಈಗ ಎಲ್ಲೆಡೆ ವೇಳಾಪಟ್ಟಿಯದ್ದೇ ರಾಜಿ: ಈ ಹೊತ್ತು ಕನ್ನಡಕ್ಕೆ, ಆ ಹೊತ್ತು ತಮಿಳಿಗೆ, ಇಂಗ್ಲಿಷಿಗೆ ಬೇರೆ. ಒಂದು ಗುಂಪು ಹೊರಗೆ ಚಪ್ಪಲಿ ಹುಡುಕುವಾಗ ಇನ್ನೊಂದು ಒಳಗೆ ಬರುತ್ತದೆ. ಇದನ್ನು ಒಗ್ಗಟ್ಟು ಎನ್ನಬೇಕೋ ಪಾಳಿ ಎನ್ನಬೇಕೋ!

ಗಡಿಯವನಾದ ನನಗೆ ಇಲ್ಲಿ ಪೂರ್ತಿ ಒಂದು ಪಕ್ಷ ಹಿಡಿಯಲಾಗುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರನ್ನೇ ಹಾಕಿ ಎಂದು ಘೋಷಣೆ ಕೂಗುವವರು ನಾವು. ಮೈಸೂರಿಗೆ ಬಂದೊಡನೆ ದೊಡ್ಡ ಗುಂಪಿನವರಾಗುತ್ತೇವೆ. ತಮಿಳು ಅಜ್ಜಿಯೊಬ್ಬರು ತಮ್ಮ ಭಾಷೆಯಲ್ಲಿ ಜಪಸರ ಹೇಳಬೇಕೆಂದರೆ ಅದನ್ನು ಹಟ ಎನ್ನಲು ನನಗೆ ಬಾಯಿ ಬಾರದು. ಹಾಗೆಂದು ಇಲ್ಲೇ ಹುಟ್ಟಿ ಬೆಳೆದವರು ಕನ್ನಡ ಕಲಿಯದೆ ಇದ್ದರೂ ನಡೆಯುತ್ತದೆ ಎಂಬುದನ್ನೂ ಒಪ್ಪಲಾರೆ.

ಅಷ್ಟಕ್ಕೂ ಭಾಷೆಯ ಭೇದವನ್ನು ಬೋರ್ಡಿನ ಮೇಲೆ ಬರೆದು ಹಾಕುತ್ತೇವೆ. ಬರೆಯದ ಭೇದವೇ ಗಟ್ಟಿ. ಪ್ರೊಟೆಸ್ಟೆಂಟರಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್ ಮೊದಲಾದ ಪಂಗಡಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಕೂಡಿ ದಕ್ಷಿಣ ಭಾರತ ಸಭೆಯಾದವು. ಆ ಒಡಕು ಹಡಗಿನಲ್ಲಿ ಬಂದದ್ದು, ಸಹಿ ಹಾಕಿ ಮುಗಿಸಲು ಬಂತು. ಜಾತಿ ಇಲ್ಲಿಯದೇ. ನಮ್ಮ ಮಂಗಳೂರು ಕಡೆಯ ಕೆಥೊಲಿಕರಲ್ಲಿ ಬಾಮಣ, ಚಾರೊಡಿ ಎಂಬ ಲೆಕ್ಕ ಇಂದಿಗೂ ಪೂರ್ತಿ ಅಳಿಸಿಲ್ಲ. ಇನ್ನು 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1956ರಲ್ಲಿ ಸಿಖ್ ದಲಿತರು, 1990ರಲ್ಲಿ ಬೌದ್ಧ ದಲಿತರು ಸೇರಿದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಕ್ರೈಸ್ತರಾದ ಮೇಲೆ ಜಾತಿ ಎಲ್ಲಿಯದು ಎಂಬ ವಾದ ಕಚೇರಿಯಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಮದುವೆ ಮಾತುಕತೆಯಲ್ಲಿ ಒಮ್ಮೆ ಕೂತವರಿಗೆ ಅದು ನಗು ತರಿಸೀತು.

ಮಗಳ ಸಂಬಂಧ ಕೇಳಿಕೊಂಡು ಫೋನ್ ಮಾಡುವವರು ಜಾತಿಯ ಸುದ್ದಿ ಎತ್ತುವುದಿಲ್ಲ, ಎಲ್ಲರೂ ನಯಸ್ಥರು. "ನಿಮ್ಮದು ಮೂಲ ಯಾವ ಊರು, ಅಜ್ಜನ ಮನೆ ಎಲ್ಲಿ?" ಎನ್ನುತ್ತಾರೆ. ಯಾಕೆ ಕೇಳುತ್ತಿದ್ದಾರೆಂದು ಎರಡೂ ಕಡೆಯವರಿಗೂ ಗೊತ್ತು. ಕಳೆದ ಸಲ ಹೀಗೆ ಕೇಳಿದ ಬಾಯಮ್ಮನಿಗೆ ನನ್ನವಳು ತಣ್ಣಗೆ, "ನಾವು ರಾಜೀವನಗರದವರು, ಅಕ್ಕಪಕ್ಕ ಎಲ್ಲ ಸಾಬರೇ" ಎಂದಳು. ಮತ್ತೆ ಆ ಕಡೆಯಿಂದ ಫೋನ್ ಬರಲಿಲ್ಲ.