ಹತ್ತಡಿ ರೂಮಿಗೊಂದು ಜಾರುವ ಬಾಗಿಲು

ಎರಡು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ. ಆಫೀಸಿನಲ್ಲಿ ರಿಲೀಸು ಇತ್ತು ಅಂತ ಸುಳ್ಳು ಹೇಳಬಹುದಿತ್ತು. ನಿಜ ಸಂಗತಿ ಏನಪ್ಪಾ ಅಂದ್ರೆ, ನಾನು ಇಷ್ಟು ದಿನ ಒಂದು ಬಟ್ಟೆ ಕಪಾಟಿನ ಹಿಂದೆ ಬಿದ್ದಿದ್ದೆ. ನಗಬೇಡಿ. ಕಪಾಟಿನ ಬಾಗಿಲು ಮುಂದಕ್ಕೆ ತೆರೆಯಬೇಕೋ, ಪಕ್ಕಕ್ಕೆ ಜಾರಬೇಕೋ ಅನ್ನೋ ಒಂದು ಪ್ರಶ್ನೆಗೆ ಆರು ವಾರ ಹಿಡಿಯುತ್ತೆ ಅಂತ ನನಗೂ ಗೊತ್ತಿರಲಿಲ್ಲ.

ಹೋದ ದಸರೆ ಮುಗಿದ ವಾರ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಸ್ವಲ್ಪ ಬಾಯಿ. ಬಳ್ಳಾರಿಯಲ್ಲಿ ಹದಿನೆಂಟು ದಿನ ಆಸ್ಪತ್ರೆ, ಆಮೇಲೆ ಸಿರುಗುಪ್ಪದ ಮನೆಗೆ. ಮಲಗುವ ಕೋಣೆ ಮಹಡಿ ಮೇಲಿತ್ತು. ಇನ್ನು ಮೆಟ್ಟಿಲು ಹತ್ತೋದು ಆಗೋ ಮಾತಲ್ಲ. ಕೆಳಗೆ ಬೀದಿ ಕಡೆ ನೆಲ್ಲಿನ ಚೀಲ ಒಟ್ಟುತ್ತಿದ್ದ ಒಂದು ರೂಮಿತ್ತು, ಹತ್ತಡಿಗೆ ಹನ್ನೊಂದಡಿ. ಚೀಲ ಹೊರಗೆ ಹಾಕಿ, ಸುಣ್ಣ ಹೊಡೆಸಿ, ಮಂಚ ಇಳಿಸಿದೆವು. ಜೊತೆಗೆ ಅವ್ವನ ಬೀರುವೂ ಇಳಿಯಿತು. ಅವ್ವನ ಮದುವೆಯಲ್ಲಿ ಕುರುಗೋಡಿನಿಂದ ಎತ್ತಿನ ಬಂಡಿ ಮೇಲೆ ಬಂದ ಕಬ್ಬಿಣದ ಬೀರು ಅದು. ಹೊರಗಡೆ ಉದ್ದಕ್ಕೆ ಕನ್ನಡಿ, ಒಳಗೆ ಕಿರುಗುಟ್ಟುವ ಲಾಕರ್ರು. ಅದನ್ನ ಇಳಿಸೋಕೆ ನಾಲ್ಕು ಜನ ಹಮಾಲರು ಬೇಕಾದರು.

ನಾನು ಬೆಂಗಳೂರಿಗೆ ವಾಪಸ್ ಹೋಗದೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಮೀಟಿಂಗಿನ ನಡುವೆ ಧಪ್ ಅಂತ ಸದ್ದು. ಓಡಿಹೋಗಿ ನೋಡಿದರೆ ಅಪ್ಪ ಮಂಚದ ತುದಿಯಲ್ಲಿ ಕೂತಿದ್ದಾರೆ, ವಾಕರ್ ಅಡ್ಡ ಬಿದ್ದಿದೆ, ಬೀರುವಿನ ಬಾಗಿಲು ಅರ್ಧ ತೆರೆದಿದೆ. ಆಗಿದ್ದಿಷ್ಟೇ. ಬಾಗಿಲು ಎಳೆದರೆ ಅದು ನಮ್ಮ ಕಡೆಗೆ ಬರುತ್ತೆ, ನಾವು ಹಿಂದಕ್ಕೆ ಸರಿಯಬೇಕು. ಆರಾಮಿದ್ದವರು ಇದನ್ನ ಗಮನಿಸೋದೇ ಇಲ್ಲ. ಅಪ್ಪನಿಗೆ ಮುಂದೆ ನಡೆಯೋದಕ್ಕಿಂತ ಹಿಂದಕ್ಕೆ ಒಂದು ಹೆಜ್ಜೆ ಇಡೋದೇ ದೊಡ್ಡ ಕಷ್ಟ. ಹಿಂದೆ ಮಂಚ ಇತ್ತು, ಬಚಾವಾದೆವು.

ಅವತ್ತು ರಾತ್ರಿ ಟೇಪು ಹಿಡಿದು ಕೂತೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಆರು ವರ್ಷದಿಂದ ಜಾವಾ ಬರೆಯುತ್ತಿದ್ದವನಿಗೆ ಮೊದಲ ಸಲ ಡ್ರಾಯಿಂಗ್ ಕ್ಲಾಸು ಉಪಯೋಗಕ್ಕೆ ಬಂತು :-) ರೂಮಿನ ಅಗಲ 120 ಇಂಚು. ಗೋಡೆಗೆ ಹತ್ತಿಸಿದ ಮಂಚಕ್ಕೆ 60 ಹೋಯಿತು. ಇಬ್ಬರ ಬಟ್ಟೆಯೂ ಕೆಳಗೇ ಬೇಕು, ಹಾಗಾಗಿ ಗೋಡೆಗೆ ಹೊಂದಿಸಿ ದೊಡ್ಡದೇ ಮಾಡಿಸಬೇಕು. ಮಾಮೂಲಿ ಬಾಗಿಲಿನ ವಾರ್ಡ್‌ರೋಬಿಗೆ 24 ಇಂಚು ಆಳ, ಉಳಿದದ್ದು 36. ಆದರೆ 20 ಇಂಚಿನ ಬಾಗಿಲು ತೆರೆದರೆ ನಿಲ್ಲೋಕೆ ಉಳಿಯೋದು ಬರೀ 16. ವಾಕರ್ರೇ ಹತ್ತಿರ ಹತ್ತಿರ ಎರಡಡಿ ಅಗಲ! ಜಾರುವ ಬಾಗಿಲಾದರೆ ಒಂದರ ಮುಂದೊಂದು ಎರಡು ಹಳಿ ಬೇಕು, ಆಳ 26 ಆಗುತ್ತೆ. ಉಳಿಯೋದು 34, ಆದರೆ ಬಾಗಿಲು ತೆರೆದರೂ 34, ಮುಚ್ಚಿದರೂ 34. ಎರಡಿಂಚು ಕೊಟ್ಟು ಹದಿನೆಂಟಿಂಚು ತಗೊಂಡ ಹಾಗೆ. ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿದಿತ್ತು.

ಅವ್ವನಿಗೆ ಮುಗಿದಿರಲಿಲ್ಲ. "ಜಾರೋ ಬಾಗ್ಲಾದ್ರ ಯಾವಾಗ್ಲೂ ಅರ್ಧ ಮುಚ್ಚೇ ಇರ್ತೈತಲ್ಲಪ, ನಿಮ್ಮಪ್ಪ ತಮ್ಮ ಕಡೆ ತೆಗದ್ರ ನನ್ನ ಸೀರಿ ಹೆಂಗ ತಗೀಲಿ?" ಮಾತು ಖರೇನೇ. ಎರಡು ಬಾಗಿಲಿದ್ದರೆ ಒಂದು ಸಲಕ್ಕೆ ಒಂದೇ ಕಡೆ ಕಾಣೋದು. ಆದರೆ ಆ ಮೂವತ್ನಾಲ್ಕು ಇಂಚಿನಲ್ಲಿ ಇಬ್ಬರು ಒಟ್ಟಿಗೆ ನಿಲ್ಲೋಕೂ ಆಗಲ್ಲವಲ್ಲ ಅಂದೆ. ಅವ್ವ ಸುಮ್ಮನಾದಳು, ಒಪ್ಪಿದಳು ಅಂತ ಅರ್ಥವಲ್ಲ.

ಶನಿವಾರ ಬಳ್ಳಾರಿಗೆ ಹೋಗಿ ಒಂದು ಶೋರೂಮು ಹೊಕ್ಕೆ. ಎಸಿ, ಕಾಫಿ, ಕಂಪ್ಯೂಟರಿನಲ್ಲಿ ತಿರುಗಿಸಿ ತೋರಿಸುವ ತ್ರೀಡಿ ಡಿಸೈನು. ಹುಡುಗ ಚೆನ್ನಾಗಿಯೇ ಮಾತಾಡಿದ. ಮುಂಭಾಗದ ಚದರಡಿ ಲೆಕ್ಕದಲ್ಲಿ ರೇಟು, ಒಳಗೆ ಡ್ರಾಯರ್ ಹೆಚ್ಚಿದಂತೆ ರೇಟೂ ಹೆಚ್ಚು. ಅಲ್ಲಿದ್ದ ಸಾಫ್ಟ್ ಕ್ಲೋಸ್ ಬಾಗಿಲನ್ನು ಒಂದೇ ಕೈಯಲ್ಲಿ, ಬೆರಳ ತುದಿಯಲ್ಲಿ ಎಳೆದು ನೋಡಿದೆ. ಮುಚ್ಚುವಾಗ ಬೆಣ್ಣೆ. ತೆರೆಯುವಾಗ ಮಾತ್ರ ಮೊದಲ ಎರಡು ಮೂರು ಇಂಚು ಒಳಗಿನ ಸ್ಪ್ರಿಂಗು ಹಿಡಿದು ಎಳೆಯುತ್ತೆ. ನನಗೆ ಏನೂ ಅಲ್ಲ. ಒಂದು ಕೈ ವಾಕರ್ ಮೇಲೆ ಇಡಬೇಕಾದವರಿಗೆ? ಅಪ್ಪನ ಹಾಗೆ ಎಡಗೈ ಇಳಿಬಿಟ್ಟು, ಬಲಗಾಲಿನ ಮೇಲೆ ಭಾರ ಹಾಕಿ ನಿಂತು ಮತ್ತೆ ಎಳೆದೆ. ಪಕ್ಕದಲ್ಲಿದ್ದ ಗಂಡ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಸಾಫ್ಟ್ ಕ್ಲೋಸ್ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ. ಹಿಡಿಕೆ ಕೂಡ ಅಷ್ಟೇ. ಚಾಚಿಕೊಂಡಿರೋ ಹಿಡಿಕೆ ಹಿಂದಿನ ಬಾಗಿಲಿಗೆ ಹಾಕಿದರೆ ಮುಂದಿನದಕ್ಕೆ ತಾಗುತ್ತೆ, ಬೆರಳು ಹೋಗುವ ಸಣ್ಣ ಗುಳಿ ಅಪ್ಪನಿಗೆ ಆಗಲ್ಲ. ಬಾಗಿಲಿನ ಅಂಚಿಗೆ ಮೇಲಿಂದ ಕೆಳಗಿನತನಕ ಅಲ್ಯೂಮಿನಿಯಂ ಪಟ್ಟಿ ಬರುತ್ತೆ, ಅದನ್ನ ಎಲ್ಲಿ ಬೇಕಾದರೂ ಹಿಡಿದು ಎಳೀಬಹುದು.

ಶೋರೂಮಿನವರು ಮನೆಗೆ ಬಂದು ಉದ್ದ, ಎತ್ತರ ಅಳೆದುಕೊಂಡು ಹೋದರು. ಹತ್ತು ನಿಮಿಷದ ಕೆಲಸ. ಅವ್ವ ಮಾತ್ರ ಪಟ್ಟು ಬಿಡಲಿಲ್ಲ. "ಕುರುಗೋಡಿನ ಬಡಿಗೇರ ಮಾಮನ್ನ ಒಂದ್ಸಲ ಕರೀ." ಅವ್ವನ ತವರಿನ ಯಾವ ವಿಷಯಕ್ಕೂ ಎದುರು ಹೇಳೋ ಹಾಗಿಲ್ಲ. ಹೋದೆ. ಮೊದಲು ದೊಡ್ಡಬಸಪ್ಪನ ಗುಡಿಗೆ ಹೋಗಿ ಆ ಏಕಶಿಲೆಯ ಬಸವಣ್ಣನಿಗೆ ಕೈಮುಗಿದು, ಆಮೇಲೆ ಮಾಮನ್ನ ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ.

ಮಾಮ ಟೇಪನ್ನು ಹೊರಗೇ ತೆಗೆಯಲಿಲ್ಲ. ಚೀಲದಿಂದ ರಸಮಟ್ಟ ತೆಗೆದು ನೆಲದ ಮೇಲಿಟ್ಟು ಗುಳ್ಳೆ ಎಲ್ಲಿ ನಿಲ್ಲುತ್ತೆ ಅಂತ ನೋಡಿದರು. ಗೋಡೆಗೂ ಹಿಡಿದು ನೋಡಿದರು. "ಅಳಿಯಾ, ಈ ನೆಲ ಆ ಮೂಲಿಗೆ ಮುಕ್ಕಾಲಿಂಚು ಇಳದೈತಿ. ಹಿಂಗ ಕುಂದ್ರಿಸಿದ್ರ ಬಾಗ್ಲ ತಾನಾ ತಗೀತೈತಿ, ನೀವು ದೆವ್ವ ಬಂತಂತ ಮಂತ್ರ ಹಾಕ್ಸಬೇಕಾಗ್ತೈತಿ."

ನಮ್ಮದು ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತೆ. ಸುತ್ತ ಭತ್ತದ ಗದ್ದೆ, ಕಾಲುವೆ ನೀರು. ನಮ್ಮ ಬೀದಿಯಲ್ಲಿ ಬಿರುಕಿಲ್ಲದ ಗೋಡೆ ಹುಡುಕಬೇಕು. ಮಾಮೂಲಿ ಬಾಗಿಲಾದರೆ ಹಿಂಜು ಸ್ವಲ್ಪ ತಿರುಗಿಸಿ ಸರಿ ಮಾಡಬಹುದು, ಜಾರುವ ಬಾಗಿಲಿಗೆ ಹಳಿ ಮಟ್ಟವಾಗಿಲ್ಲ ಅಂದರೆ ಬಂಡಿಯೇ ಇಳಿಜಾರಿನಲ್ಲಿ ನಿಂತ ಹಾಗೆ. ಮಾಮನ ಉಪಾಯ ಸರಳ: ಕೆಳಗೆ ನಾಲ್ಕಿಂಚಿನ ಪೀಠ ಮಾಡಿ, ಬೆಣೆ ಕೊಟ್ಟು ಅದನ್ನ ಮಟ್ಟಕ್ಕೆ ತರೋದು, ಗೋಡೆ ಕಡೆ ಉಳಿಯೋ ಸಂದಿಗೆ ಪಟ್ಟಿ ಹೊಡೆಯೋದು. ಪ್ಲೈವುಡ್ ಹಾಳೆ ಎಂಟಡಿಗೆ ನಾಲ್ಕಡಿ ಬರುತ್ತೆ, ಎರಡು ಬಾಗಿಲು ನಡುವೆ ಒಂದಿಂಚಾದರೂ ಒಂದರ ಮೇಲೊಂದು ಬರಬೇಕು, ಅದಕ್ಕೇ ಎಂಟಡಿ ಆಸೆ ಬಿಟ್ಟು ಏಳೂವರೆ ಅಡಿ ಮಾಡು ಅಂದರು. ಇದನ್ನ ಯಾವ ತ್ರೀಡಿ ಡಿಸೈನೂ ನನಗೆ ಹೇಳಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಓದಿಕೊಂಡು ಹೋಗಿದ್ದ ನಾನು ಐಎಸ್ 710 ಮರೈನ್ ಪ್ಲೈ, ಐಎಸ್ 303 ಮಾಮೂಲಿ ಪ್ಲೈ ಅಂತೆಲ್ಲ ಶುರು ಮಾಡಿದೆ. "ಗೋಡಿ ಕಡಿಗೂ ಕೆಳಗೂ ಮರೈನ್ ಹಾಕೋಣ, ಉಳಿದಿದ್ದಕ್ಕ ಯಾಕ್ಬೇಕು?" ಅಂದರು. ಅದೂ ಸರಿಯೇ.

ಉಳಿದದ್ದು ಬಾಗಿಲಿನ ಭಾರ ಎಲ್ಲಿ ಬೀಳಬೇಕು ಅನ್ನೋದು. ಕೆಳಗೆ ಚಕ್ರ ಕೊಟ್ಟರೆ ಹಳಿಯಲ್ಲಿ ಧೂಳು ತುಂಬುತ್ತೆ. ಸಿರುಗುಪ್ಪದ ರೈಸ್ ಮಿಲ್ಲುಗಳ ಹೊಟ್ಟಿನ ಬೂದಿ ಕಿಟಕಿ ಮುಚ್ಚಿದರೂ ಒಳಗೆ ಬರುತ್ತೆ. ಮೇಲಿನಿಂದ ನೇತು ಹಾಕಿ ಕೆಳಗೆ ಬರೀ ದಾರಿ ತೋರಿಸೋ ತೊಡಕು ಕೊಟ್ಟರೆ ಆ ಕಾಟ ಕಡಿಮೆ. ಅದು ಅಂತ ನಾನು, ಮಾಮ ಒಪ್ಪಿದೆವು. ಅಷ್ಟರಲ್ಲಿ ಮಂಚದ ಮೇಲಿಂದ ಅಪ್ಪ ತೊದಲುತ್ತಾ, "ಹತ್ತೊಂಬತ್ತನೇ ಗೇಟು ನೆನಪೈತೇನು?" ಅಂದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯಲ್ಲಿ ಚೈನು ತುಂಡಾಗಿ ಕೊಚ್ಚಿಹೋದ ಗೇಟು! ಹೊಳೆ ದಂಡೆಯ ಊರಿನವರು ನಾವು, ಅದನ್ನ ಮರೆಯೋದು ಹೇಗೆ? ಮಾಮ ಬಿದ್ದು ಬಿದ್ದು ನಕ್ಕರು. ಲಕ್ವ ಹೊಡೆದ ಮೇಲೆ ಅಪ್ಪ ಮಾಡಿದ ಮೊದಲ ತಮಾಷೆ ಅದು. ಬಾಗಿಲು ಒಂದೊಂದೂ ಮೂವತ್ತು ಕೆಜಿ ಮೇಲೆ ಬರುತ್ತೆ ಅಂತ ಲೆಕ್ಕ ಹಾಕಿ, ಮೇಲಿನ ಹಲಗೆ ದಪ್ಪ ಮಾಡಿ, ಗೋಡೆಗೆ ಬೋಲ್ಟು ಹಾಕಿಸಿದೆವು.

ಇನ್ನು ಕನ್ನಡಿ. ಅದು ಮಾತ್ರ ನನ್ನ ಆಸೆ. ಜಾರುವ ಬಾಗಿಲಿಗೆ ಪೂರ್ತಿ ಕನ್ನಡಿ ಹಾಕಿದರೆ ಹತ್ತಡಿ ರೂಮು ಇಪ್ಪತ್ತಡಿ ಕಾಣುತ್ತೆ, ಬೆಳಕೂ ಹೆಚ್ಚಾಗುತ್ತೆ. ಅಪ್ಪ "ಬ್ಯಾಡ" ಅಂದರು. ಖರ್ಚಿಗೆ ಹೆದರಿ ಅಂತಿದಾರೆ ಅಂದುಕೊಂಡು ಫೋನಿನಲ್ಲಿ ಫೋಟೋ ತೋರಿಸಿದೆ, ರೇಟು ಕಮ್ಮಿ ಹೇಳಿದೆ. ಎರಡು ದಿನ ತಲೆ ತಿಂದೆ. ಮತ್ತೆ ಮತ್ತೆ "ಬ್ಯಾಡ", ಅಷ್ಟೇ.

ಮೂರನೇ ದಿನ ಬೀರು ಖಾಲಿ ಮಾಡೋಕೆ ಹೋದಾಗ ಕನ್ನಡಿ ಮೇಲಿದ್ದ ಟವೆಲ್ ತೆಗೆದು ಪಕ್ಕಕ್ಕಿಟ್ಟೆ. ಒಣಗಿದ ಟವೆಲ್ಲು. ಅದು ಅಲ್ಲಿ ಎಷ್ಟೋ ದಿನದಿಂದ ಇತ್ತು, ದಿನಾ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಟವೆಲ್ಲನ್ನು ಮಾಳಿಗೆ ಮೇಲೆ ಬಿಟ್ಟು ಬೇರೆಲ್ಲೂ ಒಣಹಾಕಲು ಅವ್ವ ಬಿಡುವವಳಲ್ಲ. ತಿರುಗಿದೆ. ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಟವೆಲ್ಲನ್ನು ಇದ್ದಂಗೇ ಮತ್ತೆ ಹಾಕಿದೆ. ಮಾಮನಿಗೆ ಫೋನು ಮಾಡಿ ಕನ್ನಡಿ ಬೇಡ, ಮರದ ಬಣ್ಣದ ಮೈಕಾನೇ ಇರಲಿ ಅಂದೆ. ಬರೀ ಮೈಕಾ, ಅದರಲ್ಲೂ ಹೊಳಪಿಲ್ಲದ್ದು.

ಅವ್ವನಿಗೆ ಕುಂಕುಮ ಇಟ್ಟುಕೊಳ್ಳೋಕೆ ಕನ್ನಡಿ ಬೇಕಲ್ಲ. ಮಾಮ ಅವಳ ಕಡೆಯ ಖಾನೆಯ ಒಳಪಕ್ಕದ ಹಲಗೆಗೆ ಒಂದಡಿಯ ಕನ್ನಡಿ ಕೂರಿಸಿದರು. ಬಾಗಿಲು ಸರಿಸಿದರೆ ಉಂಟು, ಮುಚ್ಚಿದರೆ ಇಲ್ಲ. ಇಷ್ಟಾದ ಮೇಲೆ ಅವ್ವ ಜಾರುವ ಬಾಗಿಲಿನ ಮೇಲೆ ದೂರು ಹೇಳಿಲ್ಲ.

ನಾನು ಈಗ ಬೆಂಗಳೂರಿಗೆ ಬಂದಿದ್ದೇನೆ. ಬೀರು ಮತ್ತೆ ಮಹಡಿ ಹತ್ತಿತು, ಈ ಸಲ ಆರು ಜನ ಹಮಾಲರು. ಮಾಮನಿಗೆ ಎಂಟು ಸಾವಿರ ಬಾಕಿ ಇದೆ. ಒಂದು ಮಳೆಗಾಲ ಕಳೀಲಿ, ಪೀಠ ಅಲ್ಲಾಡದೇ ಇದ್ದರೆ ತಗೊಳ್ತೀನಿ ಅಂದಿದ್ದಾರೆ. ಹೋದ ಭಾನುವಾರ ಫೋನು ಮಾಡಿದಾಗ ಅವ್ವ ಹೇಳಿದಳು, "ಇವತ್ತು ನಿಮ್ಮಪ್ಪ ತಾವಾ ಎದ್ದು ಹೋಗಿ ನನ್ನ ಕಡೆ ಬಾಗ್ಲ ಸರಿಸಿದ್ರು."

"ಯಾಕಂತೆ?"

"ಯಾರಿಗ್ಗೊತ್ತು. ಒಂದೀಟು ನಿಂತ್ರು, ಮತ್ತ ಮುಚ್ಚಿದ್ರು."