ಕೊಡ ಬಿಟ್ಟು ಊರಿಗೆ ಓಡಿದವಳು



ಕ್ರಿಶ್ಚಿಯನ್ ಆಗಿರೋ ನಮ್ಮ ಹೆಣ್ಮಕ್ಕಳು ಬೆಳಗ್ಗೆ ಎದ್ದು ಬೈಬಲ್ ಹಿಡಿದು ಕೂತರೆ ನಮ್ಮ ಹೋರಾಟದ ಗೆಳೆಯರಿಗೇ ಕಸಿವಿಸಿ. "ಒಂದು ದೇವರನ್ನ ಬಿಟ್ಟು ಇನ್ನೊಂದು ದೇವರ ಕಾಲಿಗೆ ಬಿದ್ರು ಅಷ್ಟೇ" ಅಂತಾರೆ. ನಾನು ಚರ್ಚಿಗೆ ಹೋಗೋಳಲ್ಲ, ಬಾಬಾಸಾಹೇಬರ ದಾರಿಯವಳು. ಆದರೂ ಈ ಮಾತು ನನಗೆ ಒಪ್ಪಿಗೆಯಿಲ್ಲ. ಬೀದರ್ ಕಡೆ ನಮ್ಮ ಮಾದಿಗರ ಕೇರಿಗಳಲ್ಲಿ ತಲೆಮಾರುಗಳಿಂದ ಮೆಥೋಡಿಸ್ಟ್ ಸಭೆಗಳಿವೆ. ನಮ್ಮ ಚಿಗವ್ವ ಅಂಥದ್ದೊಂದು ಸಭೆಯವಳು. ಒಂದು ಅಧ್ಯಾಯ ಓದದೆ ಬುತ್ತಿ ಕಟ್ಟಿಕೊಂಡು ಕೂಲಿಗೆ ಹೊರಡಲ್ಲ. ಇಡೀ ದಿನದಲ್ಲಿ ಯಾರೂ ಆಕೆಯನ್ನು ಕೂಗಿ ಕರೆಯದ ಅರ್ಧ ತಾಸು ಅಂದ್ರೆ ಅದೊಂದೇ. ಅದನ್ನ ಮೌಢ್ಯ ಅಂತ ತಳ್ಳಿಹಾಕೋಕೆ ನಾವ್ಯಾರು?

ನನ್ನ ತಕರಾರು ಬೇರೆ. ಓದೋದು ಆಕೆ, ಅರ್ಥ ಹೇಳೋದು ಮಾತ್ರ ಇನ್ಯಾರೋ.

ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತಗೊಳ್ಳಿ. ನಡುಮಧ್ಯಾಹ್ನ, ಯಾಕೋಬನ ಬಾವಿ, ನೀರಿಗೆ ಬಂದ ಸಮಾರ್ಯದ ಹೆಂಗಸು. ಯೇಸು ಆಕೆ ಹತ್ರ ಕುಡಿಯೋಕೆ ನೀರು ಕೇಳ್ತಾನೆ. ಆಕೆಗೇ ಆಶ್ಚರ್ಯ. ಯಾಕಂದ್ರೆ ಯೆಹೂದ್ಯರು ಸಮಾರ್ಯದವರ ಕೈಯಿಂದ ತಗೊಂಡು ಬಳಸೋರಲ್ಲ. ಬಾವಿ, ಕೊಡ, ಮುಟ್ಟು-ಮೈಲಿಗೆ... 1927ರಲ್ಲಿ ಮಹಾಡದ ಕೆರೆಗೆ ಬಾಬಾಸಾಹೇಬರ ಹಿಂದೆ ನಡೆದು ಹೋದವರ ಮೊಮ್ಮಕ್ಕಳಿಗೆ ಈ ಕತೆ ಬಿಡಿಸಿ ಹೇಳಬೇಕಾ?

ಆದರೆ ನಾನು ಕೇಳಿದ ಪ್ರಸಂಗಗಳಲ್ಲೆಲ್ಲ ಬಾವಿ ಬಂದು ಹೋಗೋದು ಎರಡೇ ನಿಮಿಷ. ಉಳಿದಿದ್ದೆಲ್ಲ ಆ ಐದು ಗಂಡಂದಿರದ್ದು. "ನಡತೆಗೆಟ್ಟವಳು, ಅವಳನ್ನೂ ಕರ್ತನು ಕ್ಷಮಿಸಿದ" ಅಂತ. ಅಧ್ಯಾಯ ತೆಗೆದು ನೋಡಿ. ಕ್ಷಮಿಸಿದ್ದೇನೆ ಅನ್ನೋ ಮಾತು ಅಲ್ಲಿಲ್ಲ. ಪಾಪಿ ಅಂತಲೂ ಯೇಸು ಆಕೆಯನ್ನ ಕರೆದಿಲ್ಲ. ಚಿಗವ್ವನ ಜೊತೆ ಕೂತು ಓದೋ ಹೆಂಗಸರ ಗುಂಪಿನಲ್ಲಿ ಇದೇ ಮಾತು ಬಂದಾಗ ಒಬ್ಬ ಅಜ್ಜಿ ಅಂದಳಂತೆ, "ಐದು ಮಂದಿ ಸತ್ತಿರಬೇಕು, ಇಲ್ಲಾ ಬಿಟ್ಟು ಹೋಗಿರಬೇಕು. ಆಕಿನ ಬಿಟ್ಟಾಳ ಅಂತ ಎಲ್ಲಿ ಬರದೈತಿ?" ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ತ್ಯಾಗಪತ್ರ ಬರೆದು ಕೈಗಿಟ್ಟು ಕಳಿಸೋನು ಗಂಡ. ಅಜ್ಜಿಗೆ ಆ ವಚನ ಗೊತ್ತಿತ್ತೋ ಇಲ್ಲವೋ, ಬಿಟ್ಟವರು ಯಾರು ಅನ್ನೋದು ಗೊತ್ತಿತ್ತು. ಇದು ದೈವಶಾಸ್ತ್ರ ಅಲ್ಲದೆ ಇನ್ನೇನು ಸ್ವಾಮಿ?

ಹಿಂದಿನ ಅಧ್ಯಾಯದಲ್ಲಿ ನಿಕೊದೇಮ ಅಂತ ದೊಡ್ಡ ಪಂಡಿತ ರಾತ್ರಿ ಹೊತ್ತು ಯೇಸುವನ್ನ ನೋಡೋಕೆ ಬರ್ತಾನೆ, ಎರಡು ಪ್ರಶ್ನೆ ಕೇಳಿ ಸುಮ್ಮನಾಗ್ತಾನೆ. ಈಕೆ ಹಾಡಹಗಲಲ್ಲಿ ವಾದಕ್ಕೇ ನಿಲ್ತಾಳೆ. ಆರಾಧನೆ ಮಾಡಬೇಕಾದ್ದು ಯಾವ ಜಾಗದಲ್ಲಿ, ಈ ಬೆಟ್ಟದಲ್ಲೋ ಯೆರೂಸಲೇಮಿನಲ್ಲೋ ಅಂತ ಕೇಳಿದ್ದು ಈಕೆಯೇ. ಆಮೇಲೆ ಕೊಡ ಅಲ್ಲೇ ಬಿಟ್ಟು ಊರಿಗೆ ಓಡಿ ಸುದ್ದಿ ಮುಟ್ಟಿಸ್ತಾಳೆ. ಊರವರು ನಂಬ್ತಾರೆ. ನಂಬಿದ ಮೇಲೆ "ನಿನ್ನ ಮಾತಿಗಲ್ಲ, ನಾವೇ ಕೇಳಿ ನಂಬಿದ್ದು" ಅಂತಾನೂ ಅಂತಾರೆ. ಸಂಘಟನೆಯಲ್ಲಿರೋ ಹೆಣ್ಮಕ್ಕಳಿಗೆ ಈ ಡೈಲಾಗ್ ಹೊಸದಲ್ಲ ಬಿಡಿ!

ದಲಿತ ದೈವಶಾಸ್ತ್ರ ಅಂದಾಗ ಎಲ್ಲರೂ ನೆನೆಯೋದು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಭಾಷಣವನ್ನ. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಜಾತಿ, ವರ್ಗ, ಲಿಂಗ ಮೂರೂ ಸೇರಿ ಒಬ್ಬಳ ಬೆನ್ನು ಮುರಿಯೋದನ್ನ ಜಗತ್ತಿನ ಮುಂದೆ ಗಟ್ಟಿಯಾಗಿ ಹೇಳೋಕೆ ರೂತ್ ಮನೋರಮಾ ಅಂಥವರು ಬೇಕಾಯ್ತು. ಸಿಎಸ್‌ಐ ಸಭೆ ಶುರುವಾಗಿದ್ದು 1947ರಲ್ಲಿ, ಅದರ ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪಲಲಿತಾ ನಂದ್ಯಾಲದಲ್ಲಿ ಕೂತಿದ್ದು 2013ರಲ್ಲಿ. ಲೆಕ್ಕ ನೀವೇ ಹಾಕಿ.

ಇನ್ನೊಂದು ಗಾಯ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಮೊದಲು ಹಿಂದೂಗಳಿಗಷ್ಟೇ ಎಸ್‌ಸಿ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರಿಶ್ಚಿಯನ್ನರು, ಮುಸ್ಲಿಮರು ಇವತ್ತಿಗೂ ಹೊರಗೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳು ಎಸ್‌ಸಿ ಸರ್ಟಿಫಿಕೇಟ್ ಕೇಳಿದಾಗ, ದೀಕ್ಷಾಸ್ನಾನ ಆಗಿದೆ, ಚರ್ಚಿಗೆ ಹೋಗ್ತಾಳೆ ಅಂತ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅಂದ್ರೆ ಬೆಳಗಿನ ಪ್ರಾರ್ಥನೆಯೇ ಸಾಕ್ಷಿ! ಮಗಳ ಹಾಸ್ಟೆಲ್ ಸೀಟಿಗೋಸ್ಕರ ಬೈಬಲನ್ನ ಟ್ರಂಕಿನ ತಳಕ್ಕೆ ಇಟ್ಟು, ರಾತ್ರಿ ದನಿ ತಗ್ಗಿಸಿ ಪ್ರಾರ್ಥಿಸೋ ತಾಯಂದಿರು ನಮ್ಮ ನಡುವೆ ಇದ್ದಾರೆ. ಜಾತಿ ಮಾತ್ರ ದೀಕ್ಷಾಸ್ನಾನದ ನೀರಲ್ಲಿ ತೊಳೆದು ಹೋಗಲ್ಲ. ಸ್ಮಶಾನದಲ್ಲೂ ಬೇರೆ ಸಾಲು ಇರೋ ಸಭೆಗಳನ್ನ ನಾನೇ ಕಂಡಿದ್ದೇನೆ.

ಅದಕ್ಕೇ ಅಕ್ಕಂದಿರೇ, ತಂಗಿಯರೇ, ನಿಮಗೆ ಹೇಳೋದು. ಆ ಅರ್ಧ ತಾಸನ್ನ ಬಿಡಬೇಡಿ. ನಾಲ್ಕು ಜನ ಸೇರಿ ಓದಿ. ಅಕ್ಷರ ಬಾರದವರಿಗೆ ಮೊಬೈಲಲ್ಲಿ ಕೇಳಿಸಿ. ಈ ಕತೆಯಲ್ಲಿ ನೀರು ಹೊತ್ತವರು ಯಾರು, ಹೆಸರೇ ಇಲ್ಲದವರು ಯಾರು ಅಂತ ಕೇಳ್ತಾ ಹೋಗಿ. ಪಾಸ್ಟರ್ ಅವರ ಪ್ರಸಂಗ ಆಮೇಲೆ ಕೇಳಿದರಾಯ್ತು.

ಚಿಗವ್ವನ ಗುಂಪು ಈಗ ಆದಿಕಾಂಡ 16ರಲ್ಲಿದೆ. ಹಾಗರಳ ಕತೆ. ಅಬ್ರಾಮ, ಸಾರಯ ಇಬ್ಬರೂ ಆ ಅಧ್ಯಾಯದಲ್ಲಿ ಆಕೆಯನ್ನ ದಾಸಿ ಅಂತಾರೆ, ಹೆಸರು ಹಿಡಿದು ಕರೆಯಲ್ಲ. ಓಡಿಹೋದವಳನ್ನ ಹೆಸರು ಹಿಡಿದು ಕರೆದದ್ದು ಕಾಡಿನ ಒರತೆ ಹತ್ರ ಸಿಕ್ಕ ದೇವದೂತ. ಆಮೇಲೆ ಆಕೆ ದೇವರಿಗೇ ಒಂದು ಹೆಸರಿಡ್ತಾಳೆ, ನನ್ನನ್ನು ನೋಡುವವನು ಅಂತ. ಇದನ್ನ ಓದಿದ ದಿನ ಗುಂಪಿನ ಒಬ್ಬಾಕೆ, "ಗೌಡರ ಮನ್ಯಾಗ ಇಪ್ಪತ್ತು ವರ್ಷ ದುಡದೀನಿ, ನನ್ನ ಹೆಸರ ಅವರಿಗಿ ಗೊತ್ತಿಲ್ಲ" ಅಂದಳಂತೆ. ಪ್ರಾರ್ಥನೆ ಆವತ್ತು ಒಂದು ತಾಸು ತಡವಾಗಿ ಶುರುವಾಯ್ತಂತೆ.

ನಿಮ್ಮ ಕೇರಿಯಲ್ಲೂ ಇಂಥ ಗುಂಪು ಇದ್ದರೆ, ಅವರು ಈಗ ಏನು ಓದ್ತಿದ್ದಾರೆ ಬರೀರಿ.