ಪಾಳುಬಿದ್ದ ತೋಟಕ್ಕೆ ಮರಳುವ ಮುನ್ನ: ದಿಂಡಿಗಲ್ಲಿನಿಂದ ಕಂಬಂ ಕಣಿವೆಯವರೆಗೆ

ದಿಂಡಿಗಲ್ ನಗರದ ಬಂಡೆಕೋಟೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. 1755ರಲ್ಲಿ ಹೈದರಾಲಿಯು ಮೈಸೂರಿನ ಪರವಾಗಿ ಇಲ್ಲಿಗೆ ಫೌಜುದಾರನಾಗಿ ಬಂದನು. 1792ರ ಶ್ರೀರಂಗಪಟ್ಟಣದ ಒಪ್ಪಂದದೊಂದಿಗೆ ಈ ಸೀಮೆ ಇಂಗ್ಲಿಷರ ವಶವಾಯಿತು. ಕೋಟೆಯ ನಂಟು ಅಲ್ಲಿಗೆ ಮುಗಿದರೂ ನೇಗಿಲಿನ ನಂಟು ಮುಗಿಯಲಿಲ್ಲ. 1909ರಲ್ಲಿ ಪ್ರಕಟವಾದ ತಮ್ಮ ಏಳು ಸಂಪುಟಗಳ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಅವರು ಮಧುರೆ ಸೀಮೆಯ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡ ಮಾತನಾಡುವ ಬೇಸಾಯಗಾರರೆಂದು ಗುರುತಿಸಿದ್ದಾರೆ. ಇಂದು ದಿಂಡಿಗಲ್, ತೇನಿ ಜಿಲ್ಲೆಗಳಾಗಿ ವಿಂಗಡಣೆಗೊಂಡಿರುವ ಈ ಪ್ರದೇಶದಲ್ಲಿ, ವಿಶೇಷವಾಗಿ ಕಂಬಂ ಕಣಿವೆಯ ಊರುಗಳಲ್ಲಿ, ಅವರ ಪೀಳಿಗೆಯವರೂ ಒಕ್ಕಲಿಗ ಕುಟುಂಬಗಳೂ ನೆಲೆಸಿವೆ. ಶಾಲೆಯ ಓದು ತಮಿಳಿನಲ್ಲಿ; ಕನ್ನಡ ಮನೆಮಾತಾಗಿ ಉಳಿದಿದೆ.

ಎಲ್ಲ ಹಳ್ಳಿಗಳಂತೆ ಈ ಊರುಗಳಿಂದಲೂ ಮಕ್ಕಳು ಉದ್ಯೋಗಕ್ಕಾಗಿ ಪಟ್ಟಣ ಸೇರುತ್ತಾರೆ. ಹಿರಿಯರು ಕಾಲವಾದ ಮೇಲೆ ತೋಟಕ್ಕೆ ಬೀಗವಿಲ್ಲದ ಬೇಲಿಯೊಂದೇ ಉಳಿಯುತ್ತದೆ. ಹತ್ತು ಹದಿನೈದು ವರ್ಷಗಳ ಬಳಿಕ ಮೊಮ್ಮಗನೊಬ್ಬ ಆ ತೋಟವನ್ನು ಮತ್ತೆ ಹಸನು ಮಾಡಲು ಹೊರಟನೆಂದರೆ, ಅವನಿಗೆ ಮೊದಲು ತೋಚುವುದು ಜೆಸಿಬಿ ತರಿಸಿ ಒಂದೇ ದಿನದಲ್ಲಿ ಎಲ್ಲವನ್ನೂ ಬಯಲು ಮಾಡುವ ಉಪಾಯ. ಆ ಒಂದು ದಿನದ ಆತುರಕ್ಕೆ ಅವನು ತೆರುವ ಬೆಲೆ ದೊಡ್ಡದು. ಹಾಗಾಗದಿರಲು ಬೇಕಾದ ಪಾಠವನ್ನು ದಿಂಡಿಗಲ್ಲಿನಿಂದ ಕಂಬಂಗೆ ಸಾಗುವ ದಾರಿಯೇ ಹೇಳಿಕೊಡುತ್ತದೆ.

ಬಸ್ಸು ವತ್ತಲಗುಂಡು, ದೇವದಾನಪಟ್ಟಿಗಳನ್ನು ದಾಟಿ ಪೆರಿಯಕುಳದತ್ತ ಸಾಗುವಾಗ ಬಲಗಡೆಯಲ್ಲಿ ಕೊಡೈಕಾನಲ್ ಬೆಟ್ಟಗಳು ಜೊತೆಯಾಗುತ್ತವೆ. ತೇನಿಯ ಆಚೆ ಪಶ್ಚಿಮ ಘಟ್ಟ ಗೋಡೆಯಂತೆ ನಿಂತಿದೆ. ಮುಂಗಾರಿನ ಬಹುಪಾಲು ಮಳೆ ಘಟ್ಟದ ಆಚೆ ಕೇರಳದ ಕಡೆ ಸುರಿದುಹೋಗುತ್ತದೆ. ಈಚೆಗೆ ಆಷಾಢದಲ್ಲಿ ಬರುವುದು ಹೆಚ್ಚಾಗಿ ಬಿರುಗಾಳಿ. ಆಂಡಿಪಟ್ಟಿಯ ಸುತ್ತಮುತ್ತಲಿನ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಇಲ್ಲಿನ ನೆಲ ನೆಚ್ಚಿರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರನ್ನು. ಜೂನ್ ತಿಂಗಳಲ್ಲಿ ಮಲೆನಾಡಿನ ಲೆಕ್ಕಾಚಾರದಂತೆ ಸಸಿ ನೆಟ್ಟವನು ಜುಲೈಯ ಗಾಳಿಗೆ ಅವನ್ನು ಒಪ್ಪಿಸಿದಂತೆಯೇ ಸರಿ. ಪಶ್ಚಿಮದ ಅಂಚಿನಲ್ಲಿ ಬೇವು, ಹೊಂಗೆಗಳ ತಡೆಸಾಲನ್ನು ಎಬ್ಬಿಸಿ, ಗುಂಡಿಗಳನ್ನು ಮೊದಲೇ ತೋಡಿ ಬಿಸಿಲಿಗೆ ಬಿಟ್ಟು, ಹಿಂಗಾರು ಹಿಡಿಯುವ ಹೊತ್ತಿಗೆ ನಾಟಿ ಮಾಡುವುದು ಈ ಸೀಮೆಯ ಕ್ರಮ.

ಪೆರಿಯಕುಳದಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ತೋಟಗಾರಿಕಾ ಕಾಲೇಜಿದೆ. ದೇಶದಾದ್ಯಂತ ಹೆಸರಾದ ಪಿ.ಕೆ.ಎಂ.-1 ನುಗ್ಗೆಯ ಹೆಸರಿನಲ್ಲಿರುವುದು ಈ ಊರೇ. ಬೀಜದಿಂದ ಬೆಳೆಯುವ ಈ ತಳಿ ಸುಮಾರು ಆರು ತಿಂಗಳಲ್ಲಿ ಕಾಯಿಗೆ ಬರುತ್ತದೆ. ಮಾವು, ತೆಂಗುಗಳ ಫಲಕ್ಕೆ ವರ್ಷಗಟ್ಟಲೆ ಕಾಯಬೇಕಾದ ಹೊಸಬನಿಗೆ ಮೊದಲ ವರ್ಷದಲ್ಲೇ ಕೈಗೆಟುಕುವ ಫಲವೆಂದರೆ ಇದು. ಕಣಿವೆಯ ಹೆಮ್ಮೆಯಾದ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆದರೆ ಚಪ್ಪರ, ಸವರುವಿಕೆ, ರೋಗದ ಕಾವಲು ಎಲ್ಲವನ್ನೂ ಬೇಡುವ ಬೆಳೆಯದು. ಕಲಿಯುವವನಿಗೆ ಒಂದೆರಡು ಬಳ್ಳಿ ಸಾಕು.

ತೇನಿಯನ್ನು ದಾಟಿ ಉತ್ತಮಪಾಳ್ಯದತ್ತ ಸಾಗುವ ಹೊಸಬನು ಗುದ್ದಲಿ ಹಿಡಿಯುವ ಮುನ್ನ ಕಾಗದ ಹಿಡಿಯಬೇಕು. ಭೂಮಿಯ ಪಟ್ಟಾ ಯಾರ ಹೆಸರಿನಲ್ಲಿದೆ, ಕರ್ನಾಟಕದ ಪಹಣಿಯನ್ನು ಹೋಲುವ ಅಡಂಗಲ್ಲಿನಲ್ಲಿ ಏನು ನಮೂದಾಗಿದೆ, ಅಳತೆಯ ನಕ್ಷೆಯಲ್ಲಿ ಎಲ್ಲೆಕಲ್ಲು ಎಲ್ಲಿದೆ ಎಂಬುದನ್ನು ನೋಡಬೇಕು. ಅಣ್ಣತಮ್ಮಂದಿರ ನಡುವೆ ಬಾವಿಯಲ್ಲಿ ಪಾಲಿರುವುದು ಇಲ್ಲಿ ಸಾಮಾನ್ಯ. ಬೇಲಿಯಂಚಿನ ಹುಣಸೆಮರ ನೆರೆಯವರದೂ ಆಗಿರಬಹುದು. ಅನ್ಯರ ನೆಲದಲ್ಲಿ ದಾರಿ, ನೀರುಗಳ ಅನುಭೋಗವನ್ನು ಕುರಿತ 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, 20 ವರ್ಷಗಳ ಕಾಲ ಶಾಂತವಾಗಿ, ಬಹಿರಂಗವಾಗಿ, ಹಕ್ಕಿನ ಭಾವದಿಂದ, ತಡೆಯಿಲ್ಲದೆ ಬಳಸಿದ ಕಾಲುದಾರಿಗೆ ಹಕ್ಕು ಹುಟ್ಟುತ್ತದೆ. ಅದೇ ಕಾಯಿದೆಯಂತೆ 20 ವರ್ಷ ಸತತವಾಗಿ ಬಳಸದೆ ಬಿಟ್ಟ ಹಕ್ಕು ಅಳಿಯುತ್ತದೆ. ಜೆಸಿಬಿಯ ಚಾಲಕನಿಗೆ ಹುಲ್ಲು ಮುಚ್ಚಿದ ಕಾಲುವೆಯೂ ಬರಿಯ ಹಳ್ಳವೂ ಒಂದೇ, ನ್ಯಾಯಾಲಯಕ್ಕೆ ಹಾಗಲ್ಲ. ಕೆಳಗಿನ ತೋಟದ ನೀರು ನಿಂತರೆ ಬೀಳುವ ಮೊಕದ್ದಮೆಯಲ್ಲಿ ಹಣಕ್ಕಿಂತ ಮೊದಲು ಕಳೆದುಹೋಗುವುದು ನೆರೆಹೊರೆ.

ಆದ್ದರಿಂದ ಮೊದಲ ಕೆಲಸವೆಂದರೆ ತೋಟದಲ್ಲಿ ಬದುಕಿರುವುದನ್ನು ಎಣಿಸುವುದು. ತೆರೆದ ಬಾವಿಗೆ ಮಕ್ಕಳು ಬೀಳದಂತೆ ಕಟ್ಟೆ ಅಥವಾ ಜಾಲರಿ ಹಾಕಿಸಬೇಕು. ಪೊದೆಗೆ ಕೈಹಾಕುವಾಗ ಹಾವಿನ ಎಚ್ಚರವಿರಬೇಕು. ಬಳ್ಳಾರಿ ಜಾಲಿಯನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರುಸಹಿತ ಅಗೆಯಬೇಕು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಒಣಗಿದಂತೆ ಕಾಣುವ ಹಳೆಯ ಮಾವನ್ನು ಮಾತ್ರ ಒಂದು ಮಳೆಗಾಲ ಕಾಯದೆ ಕಡಿಯಬಾರದು. ಮಣ್ಣಿನ ಪರೀಕ್ಷೆ ಮಾಡಿಸಿ, ಅನುಮತಿ ಪಡೆದು ಕೆರೆಯ ಹೂಳನ್ನು ತಂದು ಹಾಕಿದರೆ ಬಡವಾದ ಕೆಂಪು ನೆಲಕ್ಕೆ ಕಸುವು ಬರುತ್ತದೆ.

ದಾರಿಯ ಕೊನೆಗೆ ಕಂಬಂ, ಗೂಡಲೂರು, ಅದರಾಚೆ ಲೋವರ್ ಕ್ಯಾಂಪ್. ಇಲ್ಲಿ ಘಟ್ಟವನ್ನು ಕೊರೆದ ಸುರಂಗದಿಂದ ಪೆರಿಯಾರಿನ ನೀರು ಪೂರ್ವಕ್ಕೆ ಇಳಿಯುತ್ತದೆ. 1886ರಲ್ಲಿ ತಿರುವಾಂಕೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರಗಳ ನಡುವೆ 999 ವರ್ಷಗಳ ಗೇಣಿಯ ಕರಾರಾಯಿತು. ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ 1895ರಲ್ಲಿ ಅಣೆಕಟ್ಟು ಮುಗಿಯಿತು. ಇಂದು ಕಣಿವೆಯ ಸುಮಾರು 14,700 ಎಕರೆ ಗದ್ದೆಗಳ ಎರಡು ಬೆಳೆಗೆ ಆ ನೀರೇ ಆಧಾರ. ಈ ಹಸಿರಿಗೂ ಮೊದಲು ಕರಾರು, ಅಳತೆ, ನಕ್ಷೆ ಬೇಕಾದವು. ಇಪ್ಪತ್ತು ಸೆಂಟಿನ ತೋಟಕ್ಕೂ ಅದೇ ಕ್ರಮ.

ಅಳತೆಗೆ ಟೇಪು, ನಕ್ಷೆಗೆ ಒಂದು ನೋಟುಪುಸ್ತಕ ಸಾಕು. ಪ್ರತಿ ಮರದ ಜಾಗ, ನೆರಳು ಬೀಳುವ ಹೊತ್ತು, ನೀರು ಹರಿಯುವ ದಿಕ್ಕು, ನೆಟ್ಟವರ ಹೆಸರು ಅದರಲ್ಲಿರಲಿ. ಈ ವಿವರಗಳನ್ನು ಬಲ್ಲವರು ಮನೆಯ ಅಜ್ಜಿಯರು. ಗಿಡಗಳ ಹೆಸರನ್ನು ಅವರು ಹೇಳುವುದು ಮನೆಯ ಕನ್ನಡದಲ್ಲಿ. ಕಣಿವೆಯ ಮಕ್ಕಳಿಗೆ ಆ ಮಾತು ಗೊತ್ತು, ಅದರ ಲಿಪಿ ಗೊತ್ತಿಲ್ಲ. ಕನ್ನಡ ಶಾಲೆಯಲ್ಲಿ ಕಲಿಯುವ ಮಗುವಿಗೆ ಎರಡೂ ಗೊತ್ತು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಜೊತೆ ತೋಟವನ್ನೊಮ್ಮೆ ಸುತ್ತಿ, ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದಿಡುವುದು ಆ ಮಗುವಿನಿಂದ ಆಗುವ ಕೆಲಸ. ಜೆಸಿಬಿಯನ್ನು ಕರೆಯಬೇಕೋ ಬೇಡವೋ ಎಂಬುದನ್ನು ಆ ಪುಟಗಳು ತುಂಬಿದ ಮೇಲೆ ಯೋಚಿಸಬಹುದು.